ಮೈಕ್ ಯಾವುದು ಅಂತ ಆಮೇಲೆ ಕೇಳಿ, ಎಲ್ಲಿ ಕೂರ್ತೀರಿ ಹೇಳಿ

ಈಗಷ್ಟೇ ಅಕ್ಕನ ಮನೆಯಿಂದ ಬಂದೆ. ಹೊಟ್ಟೆ ಉರಿಯುತ್ತಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಅಕ್ಕನ ಮಗ ಪಾಡ್‌ಕಾಸ್ಟ್ ಶುರು ಮಾಡುತ್ತಾನಂತೆ, ಮೈಸೂರಿನ ಹಳೇ ಹೋಟೆಲುಗಳ ಬಗ್ಗೆ. ಹುಡುಗ ಮಾತಿನಲ್ಲಿ ಚುರುಕು. "ಚಿಕ್ಕಮ್ಮಾ, ಮೈಕ್ ಬಂತು, ಬಂದು ಕೇಳು" ಅಂತ ಕರೆದ. ಹೋದೆ. ಹದಿನಾಲ್ಕು ಸಾವಿರದ ಮೈಕು. ಕಪ್ಪಗೆ, ದಪ್ಪಗೆ, ಬುಡದಲ್ಲಿ ಬಣ್ಣದ ಲೈಟು. ಹಾಲ್ ಮಧ್ಯೆ ಟೀಪಾಯಿ ಮೇಲೆ ಪ್ರತಿಷ್ಠಾಪನೆ ಆಗಿತ್ತು. ಅಕ್ಕ ಅರಿಶಿನ ಕುಂಕುಮವನ್ನೂ ಹಚ್ಚಿದ್ದಳು. ಸುಳ್ಳು ಹೇಳ್ತಿಲ್ಲ.

ರೆಕಾರ್ಡಿಂಗ್ ಹಾಕಿದ. ಬಾವಿಯೊಳಗಿಂದ ಯಾರೋ ಕೂಗಿದ ಹಾಗಿತ್ತು. ಹಿಂದೆ ಫ್ಯಾನು. ಅದರ ಹಿಂದೆ ಪಕ್ಕದ ಮನೆಯ ಮಿಕ್ಸಿ. ನಡುವೆ ಕಸದ ಗಾಡಿಯ ಹಾಡು ಬಂತು ನೋಡಿ, ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಸೋಫಾಕ್ಕೆ ಒರಗಿಕೊಂಡು ಮೂರಡಿ ದೂರದಿಂದ ಮಾತಾಡಿದ್ದಾನೆ. ನೆಲಕ್ಕೆ ಟೈಲ್ಸು, ಗೋಡೆ ಬೋಳು, ಎದುರಿಗೆ ಗಾಜಿನ ಬಾಗಿಲು. "ಹತ್ತಿರ ಬಂದು ಮಾತಾಡೋ" ಅಂದೆ. ಬಗ್ಗಿ ಮೈಕಿನ ನೆತ್ತಿಗೆ ಬಾಯಿಟ್ಟ, ಐಸ್‌ಕ್ರೀಮ್ ಕೋನ್ ತಿನ್ನುವವನ ಹಾಗೆ. ಆ ಮೈಕು ದನಿ ಹಿಡಿಯುವುದು ಮುಂದಿನಿಂದ, ನೆತ್ತಿಯಿಂದ ಅಲ್ಲ! ಡಬ್ಬದ ಮೇಲೆ ಚಿತ್ರವೇ ಇದೆ. ಅದನ್ನು ಯಾರು ನೋಡುತ್ತಾರೆ ಬಿಡಿ.

ನನ್ನ ಸಿಟ್ಟು ಅವನ ಮೇಲಲ್ಲ. "ಯಾವ ಮೈಕ್ ತಗೊಳ್ಳಲಿ" ಅಂತ ಗೆಳೆಯರ ಗುಂಪಿನಲ್ಲಿ ಕೇಳಿದ್ದನಂತೆ. ಎಲ್ಲರೂ ಮಾಡೆಲ್ ಹೆಸರು ಹೇಳಿದವರೇ. "ಎಲ್ಲಿ ಕೂತು ಮಾತಾಡ್ತೀಯಪ್ಪಾ" ಅಂತ ಒಬ್ಬರೂ ಕೇಳಲಿಲ್ಲ. ಒಬ್ಬ ಪುಣ್ಯಾತ್ಮ ಶೂರ್ ಎಸ್‌ಎಂ7ಬಿ ತಗೋ ಅಂದನಂತೆ. ದೊಡ್ಡ ದೊಡ್ಡ ಪಾಡ್‌ಕಾಸ್ಟುಗಳಲ್ಲಿ ಎಲ್ಲರ ಮೂತಿ ಮುಂದೆ ಇರುತ್ತಲ್ಲ, ಅದು. ಒಳ್ಳೇ ಮೈಕೇ. ಆದರೆ ಅದರಿಂದ ಬರುವ ಸದ್ದು ಬಹಳ ಸಣ್ಣದು. ಸುಮಾರು 60 ಡೆಸಿಬೆಲ್ ಏರಿಸಿಕೊಡುವ ಇನ್ನೊಂದು ಪೆಟ್ಟಿಗೆಗೂ ದುಡ್ಡು ಸುರಿಯಬೇಕು. ಕಾಲೇಜು ಹುಡುಗನಿಗೆ ಹೇಳುವ ಮಾತಾ ಇದು?

ನಾನು ಆಕಾಶವಾಣಿಯಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಗಂಟಲು ಸವೆಸಿದವಳು, ನಿಮಗೆಲ್ಲ ಗೊತ್ತು. ಅಲ್ಲಿ ನನಗೆ ಮೊದಲು ಕಲಿಸಿದ್ದು ಮೈಕಿನ ಹೆಸರಲ್ಲ. ಬಾಯಿಗೂ ಮೈಕಿಗೂ ಒಂದು ಗೇಣು, ಅಷ್ಟೇ. ದೂರ ಎರಡರಷ್ಟಾದರೆ ನಿಮ್ಮ ದನಿ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಮೇಲೆ ವಾಲ್ಯೂಮ್ ಏರಿಸಿದರೆ ಗೋಡೆಯೂ ಜೊತೆಗೆ ಮಾತಾಡುತ್ತದೆ.

"ಅದು ಸ್ಟುಡಿಯೋ ಚಿಕ್ಕಮ್ಮ, ಇದು ಮನೆ" ಅಂದ. ಮೈಸೂರಿನಲ್ಲಿ ಹುಟ್ಟಿ ಹೀಗೆ ಹೇಳ್ತಾನಲ್ಲ! 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಇದೇ ಊರಿನಲ್ಲಿ ರೇಡಿಯೋ ಶುರು ಮಾಡಿದ್ದು ತಮ್ಮ ಮನೆಯಿಂದಲೇ.

ಸಾವಿರ ರೂಪಾಯಿ ಆಸುಪಾಸಿನ ಬೋಯಾ ಬಿವೈ-ಎಂ1 ಕಾಲರ್ ಮೈಕು ಸಾಕು ಅನ್ನುವವಳು ನಾನು. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ದೂರದ ಲೆಕ್ಕ ತಾನಾಗಿ ಸರಿಹೋಗುತ್ತದೆ. ವೈರು 6 ಮೀಟರ್ ಇದೆ, ವಿಡಿಯೋ ಮಾಡುವವರು ದೂರ ನಿಂತರೂ ತೊಂದರೆ ಇಲ್ಲ. ಹೊಸ ಫೋನಿನಲ್ಲಿ ಇಯರ್‌ಫೋನಿನ ತೂತು ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಬೇಕು. ಸೆರಗು ತಾಗಿದರೆ ಸರಸರ ಅನ್ನುತ್ತದೆ, ಪಿನ್ ಹಾಕಿಕೊಳ್ಳಿ. ಇಲ್ಲ, ಮೇಜಿನ ಮೇಲೆ ಗತ್ತಾಗಿ ಒಂದು ಇರಲೇಬೇಕು ಅಂದರೆ ಸ್ಯಾಮ್ಸನ್ ಕ್ಯೂ2ಯು ಥರದ ಡೈನಾಮಿಕ್ ಮೈಕು ನೋಡಿ. ನೇರ ಯುಎಸ್‌ಬಿಗೆ ಚುಚ್ಚಬಹುದು. ಬಾಯಿ ಹತ್ತಿರ ಇಟ್ಟು ಮಾತಾಡಿದರೆ ಪಕ್ಕದ ಮನೆ ಮಿಕ್ಸಿ ಅಷ್ಟಾಗಿ ಒಳಗೆ ಬರುವುದಿಲ್ಲ.

"ಅಗ್ಗದ ಮೈಕಿನಲ್ಲಿ ಸುಯ್ ಅಂತ ಸದ್ದು ಬರುತ್ತೆ ಮೇಡಂ" ಅಂತ ಈಗ ಒಬ್ಬರು ಬರುತ್ತಾರೆ. ಬರುತ್ತೆ ಸ್ವಾಮಿ. ಮಾತಿಗೆ ಮೊದಲು ನಾಲ್ಕು ಸೆಕೆಂಡು ಸುಮ್ನೆ ಕೂತು ರೆಕಾರ್ಡ್ ಮಾಡಿ. ಪುಕ್ಕಟೆ ಸಿಗುವ ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿಗೆ ಆ ನಾಲ್ಕು ಸೆಕೆಂಡು ತೋರಿಸಿದರೆ ಸುಯ್ ಅನ್ನುವುದನ್ನು ಬಹುಪಾಲು ಒರೆಸಿ ಹಾಕುತ್ತದೆ. ಬಾವಿಯ ದನಿಯನ್ನು ಹಾಗೆ ಒರೆಸಿ ನೋಡೋಣ! ಎಐ ಇದೆಯಲ್ಲ ಅಂತೀರಾ? ಜಾಸ್ತಿ ತಿಕ್ಕಿದರೆ ಸಕಾರ, ಶಕಾರ ಎರಡೂ ಅದರ ಹೊಟ್ಟೆಗೆ.

ಸರಿ, ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ನಾನೂ ಒಂದು ಕಂಡೆನ್ಸರ್ ಮೈಕು ತಂದೆ, ಸಣ್ಣ ಸದ್ದನ್ನೂ ಬಿಡದೆ ಹಿಡಿಯುವಂಥದ್ದು. ಅದಕ್ಕೆ 48 ವೋಲ್ಟ್ ಕೊಡುವ ಪೆಟ್ಟಿಗೆ ಬೇರೆ. ಮಕ್ಕಳಿಗೆ ಕತೆ ಓದಿದೆ. ಕೆಳಗಿನ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಹಾಕುವಷ್ಟು ಚೆನ್ನಾಗಿ ಬಂತು. ಈಗ ಅದು ಅಟ್ಟದ ಮೇಲಿದೆ. ಅದರ ಬೆಲೆ ನಮ್ಮ ಯಜಮಾನರಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಇದನ್ನು ಓದದಿದ್ದರೆ ಸಾಕು.

ಕೊನೆಗೆ ಹುಡುಗನನ್ನು ರೂಮಿಗೆ ಎಳೆದುಕೊಂಡು ಹೋದೆ. ಫ್ಯಾನ್ ಆಫ್. ನೆಲಕ್ಕೆ ಜಮಖಾನ. ಅಕ್ಕನ ಬೀರು ತೆಗೆದು, ಸೀರೆಗಳ ಎದುರು ಕೂರಿಸಿ, ಬೆನ್ನ ಹಿಂದೆ ಎರಡು ರಗ್ಗು ಇಳಿಬಿಟ್ಟೆ, ಗೋಡೆಗೆ ಬಡಿಯುವ ಸದ್ದನ್ನು ಬಟ್ಟೆ ನುಂಗಲಿ ಅಂತ. ನನ್ನ ಬ್ಯಾಗಿನಲ್ಲಿದ್ದ ಕಾಲರ್ ಮೈಕು ಅವನ ಅಂಗಿಗೆ ಸಿಕ್ಕಿಸಿದೆ. ಬೆವರುತ್ತಾ ಐದು ನಿಮಿಷ ಮಾತಾಡಿದ.

ಅಕ್ಕನಿಗೆ ಕೇಳಿಸಿದೆವು. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. "ಎಷ್ಟು ಚೆನ್ನಾಗಿ ಬಂದಿದೆ! ಹದಿನಾಲ್ಕು ಸಾವಿರ ಕೊಟ್ಟಿದ್ದಕ್ಕೂ ಸಾರ್ಥಕ ಆಯ್ತು ನೋಡು" ಅಂದಳು. ಹುಡುಗ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ಎತ್ತಿಕೊಂಡೆ.