ಮನಸ್ಸಿಲ್ಲದ ತ್ಯಾಗ ಲೆಕ್ಕಕ್ಕೆ ಬರಲ್ಲ
"ತ್ಯಾಗ ಮಾಡ್ತಾ ಹೋಗಿ, ಪ್ರೀತಿ ತಾನಾಗೇ ಬರುತ್ತೆ" ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ, ಇದನ್ನ ಅರ್ಧ ಮಾತ್ರ ಒಪ್ತೀನಿ. ನಮ್ಮತ್ತೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಾಗ ಮೊದಲ ಆರು ತಿಂಗಳು ನಾನೊಬ್ಳೇ ನೋಡ್ಕೊಂಡೆ, ಬಂದೋರೆಲ್ಲ ಎಂಥಾ ಸೊಸೆ ಅಂತ ಹೊಗಳೋರು, ಒಳಗೆ ಮಾತ್ರ ಯಾರ್ಯಾರು ಕೈ ಕೊಟ್ರು ಅಂತ ಲೆಕ್ಕ ಹಾಕ್ತಾ ಕೂತಿದ್ದೆ, ಪ್ರೀತಿ ಬೆಳೆಯೋದಿರ್ಲಿ ದೇವರ ಮೇಲೂ ಸಿಟ್ಟೇ. ಬೈಬಲ್‌ನಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಇದನ್ನೇ ಹೇಳ್ತಾನೆ, ಇರೋದೆಲ್ಲ ದಾನ ಮಾಡಿ ಮೈಯನ್ನೇ ಒಪ್ಪಿಸಿದ್ರೂ ಪ್ರೀತಿ ಇಲ್ದಿದ್ರೆ ಪ್ರಯೋಜನ ಇಲ್ಲ ಅಂತ. ನೀವು ಆ ವಚನನೇ ಬಿಟ್ಬಿಟ್ಟಿದೀರ.

ನಂಗೆ ಬದಲಾಗಿದ್ದು ಒಂದಿನ ರಾತ್ರಿ ಮೂರು ಗಂಟೆಗೆ. ಒದ್ದೆ ಬೆಡ್‌ಶೀಟ್ ಎಳೀತಿದ್ದಾಗ ಅತ್ತೆ, ಮಾತು ಹೊರಡ್ದೇ ಇದ್ರೂ, ಆಡೋ ಒಂದೇ ಕೈ ಊರಿ ಸೊಂಟ ಎತ್ತೋಕೆ ಒದ್ದಾಡ್ತಿದ್ರು, ನಂಗೆ ಕಷ್ಟ ಆಗ್ಬಾರ್ದು ಅಂತ. ಅವರೂ ಕೊಡ್ತಿದಾರೆ ಅಂತ ಆಗ್ಲೇ ಹೊಳೆದಿದ್ದು. ಆಮೇಲೂ ಕೆಲಸ ಅದೇ, ನಿದ್ದೆಗೆಡೋದೂ ಅದೇ, ಆದ್ರೆ ನಾದಿನಿಗೆ ಫೋನ್ ಮಾಡಿ ವಾರಕ್ಕೆರಡು ದಿನ ನೀನೂ ಬಾ ಅಂತ ಕೇಳೋಕೆ ನಾಚಿಕೆ ಆಗ್ಲಿಲ್ಲ. (ಅದಕ್ಕೂ ಕೆಲವರು ತ್ಯಾಗ ಕಮ್ಮಿ ಆಯ್ತು ಅಂದ್ರು, ಅನ್ಲಿ ಬಿಡಿ.)