ಮಾಡಿದವರು ಯಾರು, ಉಂಡವರು ಯಾರು?

ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ನನ್ನ ಗೆಳೆಯರೊಬ್ಬರು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಚರ್ಚೆಗೆ ಬಾಗಿಲು ಹಾಕುತ್ತಾರೆ. ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾದ ಜರ್ಮನರಿಗೆ ಆಗಬೇಕಾದದ್ದೇ ಆಯಿತು ಎಂಬುದು ಅವರ ಲೆಕ್ಕ. ಈ ಗಾದೆಯ ಮೇಲೆಯೇ ನನಗೆ ತಕರಾರಿದೆ.

ಮಾಡಿದ್ದೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಅದು ಸಣ್ಣದೇನಲ್ಲ. ಪ್ರಾಗ್‌ನ ದಕ್ಷಿಣಕ್ಕೆ ನೆವೆಕ್ಲೊವ್ ಎಂಬ ಪುಟ್ಟ ಪಟ್ಟಣವಿದೆ. 1942ರಿಂದ 1944ರೊಳಗೆ ಅದನ್ನೂ ಸುತ್ತಲಿನ ಹಳ್ಳಿಗಳನ್ನೂ ಹಂತ ಹಂತವಾಗಿ ಖಾಲಿ ಮಾಡಿಸಿದರು. ಹಿಟ್ಲರನ ಎಸ್‌ಎಸ್ ಪಡೆಗೆ ತರಬೇತಿ ಮೈದಾನ ಬೇಕಿತ್ತು, ಅಷ್ಟೇ. ಸುಮಾರು 30,000 ಚೆಕ್ ಜನ ಗಂಟುಮೂಟೆ ಕಟ್ಟಿದರು. ಕೆಲವರನ್ನು ಮಾತ್ರ ಅಲ್ಲೇ ಉಳಿಸಿಕೊಂಡರು, ನಿನ್ನೆಯವರೆಗೆ ಊರವರದೇ ಆಗಿದ್ದ ಹೊಲಗಳಲ್ಲಿ ಎಸ್‌ಎಸ್‌ನ ಆಳುಗಳಾಗಿ ದುಡಿಯಲು. ಹತ್ತಿರದ ಕೊನೊಪಿಷ್ಟೆ ಅರಮನೆಯಲ್ಲೂ ಎಸ್‌ಎಸ್ ಬೀಡುಬಿಟ್ಟಿತ್ತು. 1914ರಲ್ಲಿ ಗುಂಡಿಗೆ ಬಲಿಯಾಗಿ ಮೊದಲ ಮಹಾಯುದ್ಧಕ್ಕೆ ನೆಪವಾದ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡನ ಮನೆ ಅದು. ಆ ನೆಲಕ್ಕೆ ಒಂದು ಯುದ್ಧ ಸಾಲದಾಗಿತ್ತೇನೋ.

1945ರಲ್ಲಿ ಜರ್ಮನಿ ಸೋತಿತು, ಗಾಳಿ ತಿರುಗಿತು. ಮೇ ಕೊನೆಯಲ್ಲಿ ಚೆಕ್ಕರು ಅದೇ ದೇಶದ ಬ್ರನೊ ನಗರದ ಜರ್ಮನ್ ಭಾಷಿಕರನ್ನು ಮನೆಗಳಿಂದ ಎಬ್ಬಿಸಿ ಆಸ್ಟ್ರಿಯಾದ ಗಡಿಯ ಕಡೆಗೆ ನಡೆಸಿಕೊಂಡು ಹೊರಟರು. 20,000ಕ್ಕೂ ಹೆಚ್ಚು ಜನ. ಆ ಸಾಲಿನಲ್ಲಿ ಇದ್ದವರು ಯಾರು ಎಂಬುದೇ ನನ್ನ ಪ್ರಶ್ನೆ. ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ನೆವೆಕ್ಲೊವ್ ಖಾಲಿ ಮಾಡಿಸುವ ಆದೇಶಕ್ಕೆ ಸಹಿ ಹಾಕಿದ ಕೈ ಅಲ್ಲಿ ಒಂದಾದರೂ ಇತ್ತೇ? ಸುಮಾರು 30 ಕಿಲೋಮೀಟರ್ ದೂರದ ಪೊಹೊರ್ಜೆಲಿತ್ಸೆಯಲ್ಲಿ ತಂಗಿದವರಲ್ಲಿ ರಕ್ತಭೇದಿ ಹರಡಿತು. ನೂರಾರು ಜನ ಅಲ್ಲೇ ಮಣ್ಣಾದರು.

ಊರೂರಿನಲ್ಲಿ ಜರ್ಮನರ ತೋಳಿಗೆ ಬಿಳಿ ಪಟ್ಟಿ ಕಟ್ಟಿಸಿದರು. ಅದರ ಮೇಲೆ ‘ಎನ್’ ಅಕ್ಷರ, ಚೆಕ್ ಭಾಷೆಯಲ್ಲಿ ಜರ್ಮನ್ ಎನ್ನುವ ಪದದ ಮೊದಲಕ್ಷರ. ಯಹೂದಿಗಳ ಎದೆಯ ಮೇಲಿನ ಹಳದಿ ನಕ್ಷತ್ರ ಕಣ್ಣಿಂದ ಮರೆಯಾಗುವ ಮೊದಲೇ ಅದೇ ಬೀದಿಗಳಲ್ಲಿ ಮತ್ತೊಂದು ಗುರುತು! ಒಟ್ಟು ಸುಮಾರು 30 ಲಕ್ಷ ಜರ್ಮನರು ದೇಶ ಬಿಟ್ಟರು.

ಹಾಗಂದರೆ ಎರಡೂ ಒಂದೇ ಎನ್ನುತ್ತೀರಾ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. ಮೊದಲು ಕೈ ಎತ್ತಿದವರು ನಾಜಿಗಳು, ಅದರಲ್ಲಿ ಅನುಮಾನವಿಲ್ಲ. ಸುಡೆಟೆನ್ ಜರ್ಮನರಲ್ಲಿ, ಅಂದರೆ ಚೆಕೊಸ್ಲೊವಾಕಿಯಾದ ಗಡಿ ಪ್ರದೇಶಗಳ ಜರ್ಮನ್ ಭಾಷಿಕರಲ್ಲಿ, ಹೆಚ್ಚಿನವರು 1938ರಲ್ಲಿ ಹಿಟ್ಲರನಿಗೆ ಜೈಕಾರ ಹಾಕಿದ್ದೂ ಸುಳ್ಳಲ್ಲ. ಆದರೆ ಆಡುವ ಭಾಷೆಯನ್ನೇ ಅಪರಾಧದ ಸಾಕ್ಷಿ ಮಾಡಿಕೊಂಡರೆ ತೊಟ್ಟಿಲ ಕೂಸೂ ಆರೋಪಿಯಾಗುತ್ತದೆ.

2015ರಲ್ಲಿ ಬ್ರನೊ ನಗರಸಭೆ ಆ ನಡಿಗೆಯ ಬಗ್ಗೆ ವಿಷಾದ ಸೂಚಿಸಿತು. ಅದೇ ವರ್ಷ ಒಂದಷ್ಟು ಜನ ಆ ದಾರಿಯನ್ನು ಹಿಂದುಮುಂದಾಗಿ ನಡೆದರು: ಪೊಹೊರ್ಜೆಲಿತ್ಸೆಯ ಸಮಾಧಿಗಳಿಂದ ಹೊರಟು, ಬ್ರನೊ ಕಡೆಗೆ.