ಏ ಬಿಡೋ, ಪಾರಿವಾಳ!

ಇವತ್ತು ಬೆಳಿಗ್ಗೆ ಕೆಮ್ಮಣ್ಣುಗುಂಡಿಯಲ್ಲಿ ನಡೆದದ್ದನ್ನು ಇಲ್ಲಿ ಕಕ್ಕಿಬಿಡುತ್ತೇನೆ. ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ.

ಮಂಜು ಆಗತಾನೇ ಸರಿದಿತ್ತು. ಒಂದು ಗಂಟೆಯಿಂದ ಒಂದೇ ಮರದ ಕೆಳಗೆ ತಲೆ ಎತ್ತಿಕೊಂಡು ನಿಂತಿದ್ದೆ. (ನನ್ನ ಕತ್ತುನೋವಿನ ಪುರಾಣ ನಿಮಗೆಲ್ಲ ಬಾಯಿಪಾಠ, ಬಿಡಿ.) ಮೇಲಿಂದ ‘ಹೂ’ ಅಂತ ಒಂದು ಗಟ್ಟಿ ದನಿ, ಹಿಂದೆಯೇ ‘ಹೂ ಹೂ ಹೂ’. ಗೊತ್ತಿಲ್ಲದವರು ಮುಸಿಯ ಕೂಗಿತು ಅಂದುಕೊಳ್ಳಬೇಕು, ಹಾಗಿತ್ತು. ಆಮೇಲೆ ಬಂತು ನೋಡಿ ಕೊಂಬೆಯ ತುದಿಗೆ. ಬೂದು ತಲೆ, ಕಂದುಗೆಂಪು ಬೆನ್ನು, ಕತ್ತಿನ ಹಿಂದೆ ಕಪ್ಪು ಬಿಳಿ ಚೌಕುಳಿ. ನೀಲಗಿರಿ ಕಾಡುಪಾರಿವಾಳ!

ಪಕ್ಕದಲ್ಲಿ ಫಿರಂಗಿಯಂಥ ಲೆನ್ಸ್ ಹಿಡಿದ ಇಬ್ಬರು ಹುಡುಗರು.

‘ಏನೋ ಅದು?’

‘ಏ ಬಿಡೋ, ಪಾರಿವಾಳ.’

ಇಬ್ಬರೂ ಕ್ಯಾಮೆರಾ ಇಳಿಸಿ ಚಹಾ ಕುಡಿಯಲು ಹೋದರು.

ಅಲ್ಲಪ್ಪಾ, ನಿಮ್ಮ ಬಾಲ್ಕನಿಯಲ್ಲಿ ಹಿಕ್ಕೆ ಹಾಕುವ ಪಾರಿವಾಳವೂ ಇದೂ ಒಂದೇನಾ? ಅದಕ್ಕೆ ಬಲೆ ಕಟ್ಟಿ ಓಡಿಸುತ್ತೀರಿ, ಆದರೂ ಅದರ ಸಂಖ್ಯೆ ಏರುತ್ತಲೇ ಇದೆ. ಇದು ಅಳಿವಿನ ಭೀತಿಯಲ್ಲಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿರುವ ಹಕ್ಕಿ. ‘ವಲ್ನರಬಲ್’, ಅಂದರೆ ಅಳಿಯುವ ಅಪಾಯವಿದೆ ಅಂತ ಅಲ್ಲಿ ಬರೆದಿದ್ದಾರೆ. ಪಶ್ಚಿಮ ಘಟ್ಟ ಬಿಟ್ಟರೆ ಹೆಚ್ಚುಕಡಿಮೆ ಎಲ್ಲೂ ಇಲ್ಲ. ನಂದಿಬೆಟ್ಟದಲ್ಲಿ ಒಂದಿಷ್ಟು ಕಾಣುತ್ತವೆ. ಸೂರ್ಯೋದಯದ ಸೆಲ್ಫಿಗೆ ಹೋದವರ ನೆತ್ತಿಯ ಮೇಲೇ ಕೂತಿರುತ್ತವೆ. ಅಲ್ಲೂ ಪಾಪ ಅದು ಪಾರಿವಾಳವೇ.

ಊರಿನದು ಎರಡೆರಡು ಮೊಟ್ಟೆ ಇಟ್ಟು ವರ್ಷವಿಡೀ ಮರಿ ಮಾಡುತ್ತದೆ. ಇದು ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಒಂದೂ ಹೋದರೆ? ತಿನ್ನುವುದು ಜಾಸ್ತಿ ಕಾಡುಮರಗಳ ಹಣ್ಣನ್ನು. ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ಇನ್ನೆಲ್ಲೋ ಉದುರಿಸಿ ಬರುತ್ತದೆ. ಘಟ್ಟದ ಎತ್ತರದ ಕಣಿವೆಗಳಲ್ಲಿರುವ ಶೋಲಾ ಕಾಡಿಗೆ ಸಂಬಳವಿಲ್ಲದ ಮಾಲಿ. ಆದರೆ ಹೆಸರು ಪಾರಿವಾಳ ಆಯಿತಲ್ಲ, ಮುಗಿಯಿತು.

ವನ್ಯಜೀವಿ ಕಾಯ್ದೆಯವರಿಗೂ ಈ ವ್ಯತ್ಯಾಸ ಗೊತ್ತಿತ್ತು ಸ್ವಾಮಿ. ಅದರ ಹಳೆಯ ನಾಲ್ಕನೇ ಪಟ್ಟಿಯಲ್ಲಿ ಪಾರಿವಾಳಗಳಿಗೆಲ್ಲ ಜಾಗ ಕೊಟ್ಟು, ಊರಿನ ಪಾರಿವಾಳವನ್ನು ಮಾತ್ರ ಹೊರಗಿಟ್ಟಿದ್ದರು. ಕಾನೂನಿಗೆ ಕಂಡದ್ದು ಲಕ್ಷಾಂತರ ರೂಪಾಯಿಯ ಲೆನ್ಸಿಗೆ ಕಾಣಲಿಲ್ಲ.

ಈಗ ಯಾರಾದರೂ ಕಾಮೆಂಟಿನಲ್ಲಿ ಬರುತ್ತೀರಿ, ನನಗೆ ಗೊತ್ತು. ‘ವಲ್ನರಬಲ್ ಅಷ್ಟೇ ಅಲ್ವಾ ಸಾರ್, ಅದಕ್ಕಿಂತ ಗಂಭೀರವಾದ ಎಂಡೇಂಜರ್ಡ್ ಅಲ್ಲವಲ್ಲ? ನಮ್ಮ ಕಾಫಿ ತೋಟಕ್ಕೂ ಬರುತ್ತದೆ.’ ಬರುತ್ತದೆ, ಇಲ್ಲ ಅನ್ನಲ್ಲ. ತೋಟದಲ್ಲಿ ಹಣ್ಣು ಬಿಡುವ ಹಳೆಯ ನೆರಳು ಮರ ಇರುವವರೆಗೆ ಬರುತ್ತದೆ. ಅದನ್ನು ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟಿದ್ದೀರಲ್ಲ, ಅದರಲ್ಲಿ ಹಕ್ಕಿ ತಿನ್ನುವುದೇನು, ಮೆಣಸಿನ ಬಳ್ಳಿಯನ್ನಾ? ಅಷ್ಟಕ್ಕೂ ಇದೊಂದರ ಕಥೆಯಲ್ಲ. ಘಟ್ಟದಲ್ಲಿ ಮಾತ್ರ ಇರುವ 12 ಜಾತಿಯ ಹಕ್ಕಿಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ, 2000ದಿಂದೀಚೆಗೆ ಹತ್ತಿರ ಹತ್ತಿರ ಶೇ. 75ರಷ್ಟು ಕುಸಿತ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳಿದ್ದು, ನಾನು ಸುಮ್ನೆ ಹೆದರಿಸುತ್ತಿಲ್ಲ. ‘ಎಂಡೇಂಜರ್ಡ್’ ಅಂತ ಬರೆಯಲಿ, ಆಗ ನೋಡೋಣ ಅನ್ನುವುದು ಐಸಿಯುಗೆ ಸೇರಿಸಲಿ, ಆಮೇಲೆ ಮಾತ್ರೆ ಕೊಡೋಣ ಅಂದ ಹಾಗೆ.

ಆ ಹುಡುಗರನ್ನು ಚಹಾ ಅಂಗಡಿಯಲ್ಲಿ ಹಿಡಿದು ಭಾಷಣ ಬಿಗಿಯಲು ಹೊರಟಿದ್ದೆ. ಕಾಲು ಮುಂದೆ ಹೋಗಲಿಲ್ಲ.

ಯಾಕೆ ಅಂದರೆ, ಎಂಟು ಒಂಬತ್ತು ವರ್ಷದವನಿದ್ದಾಗ ರಜೆಗೆ ಘಟ್ಟದ ಮೇಲಿನ ಮಾವನ ಮನೆಗೆ ಹೋಗುತ್ತಿದ್ದೆ. ಮಾವನ ಬಳಿ ಕೋವಿ ಇತ್ತು. ಒಂದು ಸಂಜೆ ಕಾಡಿನಿಂದ ಎರಡು ಹಕ್ಕಿ ತಂದು ಅಂಗಳದಲ್ಲಿ ಹಾಕಿದರು. ಒಂದರ ಕತ್ತನ್ನು ಬೆರಳಿನಿಂದ ಸವರಿ ನೋಡಿದ್ದು ನೆನಪಿದೆ. ಕಪ್ಪು ಬಿಳಿ ಚೌಕುಳಿ. ರಾತ್ರಿ ಸಾರು ಬಡಿಸಿಕೊಂಡು ಕೇಳಿದ್ದೆ, ‘ಇದ್ಯಾವ ಹಕ್ಕಿ ಮಾವ?’

‘ಪಾರಿವಾಳ ಕಣೋ, ಉಣ್ಣು’ ಅಂದರು. ಉಂಡೆ. ಇನ್ನೊಂದು ಸಲ ಹಾಕಿಸಿಕೊಂಡೆ.